ನಡುಗುವ ಮೊಣಕಾಲಿನ ನಂಬಿಗಸ್ತರು

ವರ್ಷದ ಕೊನೆಯ ರಾತ್ರಿ ನಮ್ಮ ಎಲಹಂಕದ ಅಟ್ಟೂರಿನ ಕ್ರೈಸ್ತರಲ್ಲಿ ಎರಡು ಪಂಗಡಗಳಾಗುತ್ತವೆ. ಪ್ರೊಟೆಸ್ಟೆಂಟ್, ಕ್ಯಾಥೊಲಿಕ್ ಅನ್ನುವ ಹಳೆಯ ಪಂಗಡಗಳಲ್ಲ. ವಾಗ್ದಾನದ ಕಾರ್ಡನ್ನು ಒಂದೇ ಸಲ ಎತ್ತುವವರದು ಒಂದು, ಮನಸ್ಸಿಗೆ ಹಿಡಿಸುವ ತನಕ ಎತ್ತುವವರದು ಇನ್ನೊಂದು.

ಗೊತ್ತಿಲ್ಲದವರಿಗೆ ಹೇಳಬೇಕು. ಡಿಸೆಂಬರ್ 31ರ ರಾತ್ರಿ ಆರಾಧನೆ ನಡೆದು, ಗಡಿಯಾರ ಹನ್ನೆರಡು ಹೊಡೆದು, ಎಲ್ಲರೂ ಎಲ್ಲರ ಕೈ ಕುಲುಕಿ, ಇನ್ನೇನು ಕೇಕು ಬರಬೇಕು ಅನ್ನುವಾಗ ಒಂದು ತಟ್ಟೆ ಬರುತ್ತದೆ. ಅದರ ತುಂಬ ಬೋರಲು ಹಾಕಿದ ಪುಟ್ಟ ಪುಟ್ಟ ಕಾರ್ಡುಗಳು. ಒಂದೊಂದರ ಮೇಲೂ ಬೈಬಲಿನ ಒಂದು ವಚನ. ನಿಮ್ಮ ಕೈಗೆ ಬಂದದ್ದು ಆ ವರ್ಷಕ್ಕೆ ದೇವರು ನಿಮಗೆ ಕೊಟ್ಟ ಮಾತು. ಸಮೃದ್ಧಿ, ಆರೋಗ್ಯ, ಶತ್ರುಗಳ ಮುಂದೆ ತಲೆ ಎತ್ತಿ ನಿಲ್ಲುವುದು, ಇಂಥವು ಬಂದರೆ ಜನ ಅಲ್ಲೇ ಫೋಟೊ ತೆಗೆದು ಸ್ಟೇಟಸ್ಸಿಗೆ ಹಾಕುತ್ತಾರೆ. ಸಂಕಟದಲ್ಲಿ ತಾಳಿಕೋ ಅನ್ನುವ ಅರ್ಥದ್ದು ಬಂತೋ, ಕಾರ್ಡು ಮೆಲ್ಲಗೆ ತಟ್ಟೆಗೆ ವಾಪಸು. ನಮ್ಮ ಚಿಕ್ಕಮ್ಮನಿಗೆ ಒಂದು ವರ್ಷ ಹಾಗೇ ಬಂತು. ಕನ್ನಡಕ ಏರಿಸಿ ಓದಿದರು. ಹಿಂದೆ ತಿರುಗಿಸಿ ನೋಡಿದರು, ಅಲ್ಲೇನಾದರೂ ರಿಯಾಯಿತಿ ಇದೆಯೋ ಅಂತ. ಆಮೇಲೆ, "ಇದು ನನ್ನದಲ್ಲ ಕಣೋ, ಕೈ ತಪ್ಪಿ ಬಂದಿದೆ. ಸೊಸೆಗೆ ಸರಿಹೋಗುತ್ತೆ" ಅಂದು ಅದನ್ನು ಅವಳ ಬೈಬಲಿನೊಳಗೆ ಸಿಕ್ಕಿಸಿ ತಾವು ಇನ್ನೊಂದು ಎತ್ತಿಕೊಂಡರು. ಅದರಲ್ಲಿ ಆಶೀರ್ವಾದ ಧಾರಾಳವಾಗಿತ್ತು. "ನೋಡಿದೆಯಾ, ನಂಬಿದವರನ್ನ ದೇವರು ಕೈ ಬಿಡೋದಿಲ್ಲ" ಅಂದರು. ನಾನು ಕೇಕಿನ ಕಡೆ ನೋಡಿದೆ.

ಚಿಕ್ಕಮ್ಮನನ್ನು ಆಡಿಕೊಂಡು ಪ್ರಯೋಜನವಿಲ್ಲ. ಅಟ್ಟೂರು ಇರುವುದೇ ಕಾಯುವವರ ಊರಾಗಿ. ಎಲಹಂಕದಲ್ಲಿ 1984ರಲ್ಲಿ ರೈಲ್ವೆಯವರ ಗಾಲಿ ಮತ್ತು ಅಚ್ಚಿನ ಕಾರ್ಖಾನೆ ಶುರುವಾಗಿ, ಗೃಹ ಮಂಡಳಿಯವರು ಉಪನಗರ ಕಟ್ಟಿ, ಅದೂ ತುಂಬಿ, ಸುತ್ತಲ ಹೊಲ ತೋಟಗಳೆಲ್ಲ ಲೇಔಟುಗಳಾದ ಮೇಲೆ ಇಲ್ಲಿ ಯಾರು ಬರಲಿಲ್ಲ ಹೇಳಿ! ಕೋಲಾರದವರು, ಹಾಸನದವರು, ಗದಗಿನವರು, ಮಂಗಳೂರಿನವರು, ಆಂಧ್ರದವರು, ತಮಿಳರು, ಮಲೆಯಾಳಿಗಳು. ಒಬ್ಬೊಬ್ಬರೂ ಒಂದೊಂದಕ್ಕೆ ಕಾಯುತ್ತಿದ್ದಾರೆ. ಬಿ ಖಾತಾ ಸೈಟು ಎ ಖಾತಾ ಆಗಲಿ, ನಲ್ಲಿಯಲ್ಲಿ ಕಾವೇರಿ ದಿನಾ ಬರಲಿ, ಮಗನಿಗೆ ಕೆನಡಾ ವೀಸಾ ಆಗಲಿ, ಮಗಳಿಗೆ ಒಳ್ಳೆ ಕಡೆ ಸಂಬಂಧ ಕೂಡಿಬರಲಿ. ಸಭೆಯ ವಾಟ್ಸಾಪ್ ಗುಂಪಿಗೆ ಶನಿವಾರ ಸಂಜೆ ಪ್ರಾರ್ಥನೆಯ ಬೇಡಿಕೆಗಳ ಪಟ್ಟಿ ಬರುತ್ತದಲ್ಲ, ಓದಿದರೆ ಕಂದಾಯ ಇಲಾಖೆ, ಜಲಮಂಡಳಿ, ವಿದೇಶಾಂಗ ಖಾತೆ ಮೂರನ್ನೂ ಪರಲೋಕದಲ್ಲಿ ಒಬ್ಬನೇ ನೋಡಿಕೊಳ್ಳುತ್ತಿದ್ದಾನೆ ಅನ್ನಿಸುತ್ತದೆ. ರಜೆಯೂ ಇಲ್ಲ, ಪಾಪ.

ಆ ಪಟ್ಟಿಯಲ್ಲಿ ಈಚೆಗೆ ಹೆಚ್ಚಾಗಿ ಕಾಣುವ ಐಟಂ ಕಾನ್ಫಿಡೆನ್ಸ್. "ಸಿಸ್ಟರ್ ಮಗನಿಗೆ ಸೋಮವಾರ ಮಾನ್ಯತಾದಲ್ಲಿ ಇಂಟರ್‌ವ್ಯೂ ಇದೆ, ಕಾನ್ಫಿಡೆನ್ಸ್ ಬರುವಂತೆ ಪ್ರಾರ್ಥಿಸಿ." ಕೆಳಗೆ ಸಾಲುಸಾಲು ಆಮೆನ್, ಕೈಮುಗಿದ ಬೊಂಬೆಗಳು. ಪ್ರಾರ್ಥಿಸಬೇಡಿ ಅಂತ ನಾನೇನೂ ಅನ್ನುವುದಿಲ್ಲ. ಆದರೆ ನಮ್ಮವರು ದೇವರ ಮುಂದಿಡುವ ಷರತ್ತು ನೋಡಿ: ಮೊದಲು ಧೈರ್ಯ ಕೊಡು, ಆಮೇಲೆ ಹೊರಡ್ತೀನಿ. ಬೈಬಲನ್ನು ಆ ತುದಿಯಿಂದ ಈ ತುದಿಗೆ ಜಾಲಾಡಿದರೂ ಈ ಷರತ್ತಿಗೆ ದೇವರು ಒಪ್ಪಿಕೊಂಡ ಕೇಸು ನನಗೆ ಸಿಗಲಿಲ್ಲ. ಅವನು ಮೊದಲು ಹೊರಡಿಸುತ್ತಾನೆ. ದಾರಿಯಲ್ಲಿ ಜೊತೆಗೆ ಬರುತ್ತಾನೆ. ಧೈರ್ಯ ಬಂದರೆ ಬಂತು. "ಅಪೊಸ್ತಲರ ಕೃತ್ಯಗಳಲ್ಲಿ ಶಿಷ್ಯರು ಧೈರ್ಯ ಬೇಡಿ ಪಡೆದರಲ್ಲಪ್ಪ" ಎಂದು ನಮ್ಮ ಸಭೆಯ ಪಾದ್ರಿ ಅಯ್ಯನವರು ತಕರಾರು ತೆಗೆಯಬಹುದು. ತೆಗೆಯಲಿ. ಪೇತ್ರ ಯೋಹಾನರು ಒಂದು ರಾತ್ರಿ ಸೆರೆಯಲ್ಲಿದ್ದು, ಅಧಿಕಾರಿಗಳಿಂದ ಬೆದರಿಕೆ ಹಾಕಿಸಿಕೊಂಡು ಬಂದ ಮೇಲೆ ಮಾಡಿದ ಪ್ರಾರ್ಥನೆ ಅದು. ಮನೆಯಲ್ಲಿ ಫ್ಯಾನ್ ಕೆಳಗೆ ಕೂತು ಮಾಡಿದ್ದಲ್ಲ.

ಮಾನ್ಯತಾ ಟೆಕ್ ಪಾರ್ಕಿನ ಎಚ್‌ಆರ್ ಮೇಡಂ ಮುಂದೆ ಬೈಬಲಿನ ದೊಡ್ಡ ದೊಡ್ಡವರನ್ನೆಲ್ಲ ಸಾಲಾಗಿ ಕೂರಿಸಿ ನೋಡಿ. ಮೊದಲು ಮೋಶೆ. ಉರಿಯುವ ಪೊದೆಯೊಳಗಿಂದ ದೇವರೇ ಕರೆದು ಆಫರ್ ಲೆಟರ್ ಕೊಟ್ಟಿದ್ದಾನೆ. ಈತ ನಾನ್ಯಾವ ಮಹಾ ಅನ್ನುತ್ತಾನೆ. ಕಳಿಸಿದವನ ಹೆಸರೇನು ಅಂತ ಜನ ಕೇಳಿದರೆ ಏನು ಹೇಳಲಿ ಅನ್ನುತ್ತಾನೆ. ನಂಬದೇ ಹೋದರೆ ಅನ್ನುತ್ತಾನೆ. ನನ್ನ ನಾಲಗೆ ಮಂದ ಅನ್ನುತ್ತಾನೆ. ಕೊನೆಗೆ, ಬೇರೆ ಯಾರನ್ನಾದರೂ ಕಳಿಸಿಬಿಡು ಸ್ವಾಮಿ ಅನ್ನುತ್ತಾನೆ. ದೇವರಿಗೇ ಸಿಟ್ಟು ಬಂತೆಂದು ಬರೆದಿದೆ. ಸಿಟ್ಟು ಬಂದರೂ ಕೆಲಸದಿಂದ ತೆಗೆಯಲಿಲ್ಲ, ಮಾತಾಡುವುದಕ್ಕೆ ಅಣ್ಣ ಆರೋನನನ್ನು ಜೊತೆ ಮಾಡಿ ಕಳಿಸಿದ. ಆಮೇಲೆ ಯೆರೆಮೀಯ: ನಾನಿನ್ನೂ ಹುಡುಗ, ನನಗೆ ಮಾತು ಬಾರದು. ಆಮೇಲೆ ಸಾರಮ್ಮ: ಈ ವಯಸ್ಸಿನಲ್ಲಿ ನಿನಗೆ ಮಗುವಾಗುತ್ತೆ ಅಂದದ್ದಕ್ಕೆ ಗುಡಾರದೊಳಗೆ ನಿಂತು ನಕ್ಕಳು, ಯಾಕೆ ನಕ್ಕೆ ಅಂದರೆ ನಗಲೇ ಇಲ್ಲ ಅಂದಳು. ಮೇಡಂ ಮೂವರ ಕಾಗದದ ಮೇಲೂ 'ಕಮ್ಯುನಿಕೇಶನ್ ವೀಕ್' ಎಂದು ಬರೆದು ಮುಂದಿನವರನ್ನು ಕರೆಯುತ್ತಾರೆ.

ಮುಂದಿನವನು ಗಿದ್ಯೋನ. ಇವನನ್ನು ಕಂಡರೆ ನನಗೆ ವಿಶೇಷ ಪ್ರೀತಿ. ಮಿದ್ಯಾನ್ಯರು ಬಂದು ಬೆಳೆ ದೋಚಿಕೊಂಡು ಹೋಗುತ್ತಿದ್ದ ಕಾಲ. ಈತ ಗೋದಿ ಬಡಿಯುತ್ತಿದ್ದಾನೆ. ಎಲ್ಲಿ? ಕಣದಲ್ಲಲ್ಲ, ದ್ರಾಕ್ಷಿ ತುಳಿಯುವ ತೊಟ್ಟಿಯಲ್ಲಿ ಅಡಗಿಕೊಂಡು. ಹೊಟ್ಟು ಹಾರಿಸುವುದಕ್ಕೆ ಗಾಳಿಯೂ ಬಾರದ ಜಾಗ ಅದು. ಅಲ್ಲಿಗೆ ದೇವದೂತ ಬಂದು, ಪರಾಕ್ರಮಶಾಲಿ ಎಂದು ಕರೆಯುತ್ತಾನೆ! ತಲೆ ಮೇಲೆಲ್ಲ ಹೊಟ್ಟು ಮೆತ್ತಿಕೊಂಡು ನಿಂತವನು ಹಿಂದೆ ತಿರುಗಿ ಯಾರಪ್ಪ ಅದು ಅಂತ ನೋಡಿರಬೇಕು. ಪುಸ್ತಕದಲ್ಲಿಲ್ಲ, ನನ್ನ ಊಹೆ. ಕುಲದಲ್ಲಿ ನಮ್ಮದೇ ಬಡ ಮನೆ, ಮನೆಯಲ್ಲಿ ನಾನೇ ಚಿಕ್ಕವನು ಎಂದು ಜಾರಿಕೊಳ್ಳಲು ನೋಡಿದ. ಆಗಲಿಲ್ಲ. ಊರಿನ ಬಾಳನ ಬಲಿಪೀಠ ಕೆಡವು ಅಂದರೆ, ಮನೆಯವರಿಗೂ ಊರವರಿಗೂ ಹೆದರಿ ರಾತ್ರಿ ಹೊತ್ತು ಹೋಗಿ ಕೆಡವಿ ಬಂದ. ಆಮೇಲೂ ಧೈರ್ಯ ಸಾಲದೆ ಕಣದಲ್ಲಿ ಕುರಿಯ ಉಣ್ಣೆ ಹಾಸಿದ: ಬೆಳಗಾಗುವಷ್ಟರಲ್ಲಿ ಉಣ್ಣೆ ಮಾತ್ರ ಒದ್ದೆಯಾಗಿ ನೆಲ ಒಣಗಿರಲಿ, ಆಗ ನಂಬುತ್ತೇನೆ. ಹಾಗೇ ಆಯಿತು, ಹಿಂಡಿದರೆ ಬೋಗುಣಿ ತುಂಬ ನೀರು. ಸಮಾಧಾನವಾಯಿತೇ? ಇಲ್ಲ. ಸಿಟ್ಟಾಗಬೇಡ, ಇನ್ನೊಂದು ಸಲ, ಈಗ ನೆಲ ಒದ್ದೆಯಾಗಿ ಉಣ್ಣೆ ಒಣಗಿರಲಿ. ಎರಡನೇ ಕಾರ್ಡು ಎತ್ತುವ ನಮ್ಮ ಚಿಕ್ಕಮ್ಮನ ವಂಶದ ಮೂಲಪುರುಷ ಯಾರು ಅಂತ ನನಗೆ ಅನುಮಾನವೇ ಉಳಿದಿಲ್ಲ.

ಇಂಥವನಿಗೆ 32,000 ಜನರ ದಂಡು ಸೇರಿತು. ಈಗಲಾದರೂ ಮನುಷ್ಯ ಉಸಿರು ಬಿಟ್ಟಿರುತ್ತಾನೆ. ದೇವರು, ಜನ ಜಾಸ್ತಿಯಾಯಿತು ಅಂದ. ಹೆದರಿಕೆ ಇರುವವರು ಮನೆಗೆ ಹೋಗಬಹುದು ಅಂದದ್ದೇ ತಡ, 22,000 ಮಂದಿ ಎದ್ದು ಹೋದರು. ನಾಯಕನಿಗೂ ಅವರ ಹಿಂದೆ ಹೋಗುವ ಮನಸ್ಸಾಗಿರಬಹುದು. ಉಳಿದ 10,000ವೂ ಜಾಸ್ತಿ ಅಂದ. ಹಳ್ಳದ ಬಳಿ ನೀರು ಕುಡಿಯುವ ಬಗೆ ನೋಡಿ ಜರಡಿ ಹಿಡಿದು 300ಕ್ಕೆ ತಂದು ನಿಲ್ಲಿಸಿದ. 31,700 ಕಡಿತ. ನಮ್ಮ ಕಟ್ಟಡ ನಿಧಿಯ ಕಮಿಟಿಯವರು ಈ ಅಧ್ಯಾಯ ಬಂದಾಗ ತಲೆ ತಗ್ಗಿಸಿ ಕೂರುತ್ತಾರೆ. ಎದುರಿಗೆ 1,35,000 ಶತ್ರುಗಳು. ಕೈಗೆ ಕೊಟ್ಟದ್ದು ಕೊಂಬು, ಬರಿದಾದ ಮಡಕೆ, ಒಳಗೊಂದು ಪಂಜು. ಯುದ್ಧದ ರಾತ್ರಿಯೇ ದೇವರು ಮತ್ತೆ ಬಂದು, ನಿನಗೆ ಇನ್ನೂ ಹೆದರಿಕೆಯಿದ್ದರೆ ನಿನ್ನ ಆಳನ್ನು ಕರೆದುಕೊಂಡು ಹೋಗಿ ಶತ್ರುಗಳ ಪಾಳೆಯದಲ್ಲಿ ಏನು ಮಾತಾಡಿಕೊಳ್ಳುತ್ತಿದ್ದಾರೆ ಕೇಳಿ ಬಾ ಅಂದ. ಇನ್ನೂ ಹೆದರಿಕೆಯಿದ್ದರೆ! ಅಷ್ಟೆಲ್ಲ ಆದ ಮೇಲೂ ಹೆದರಿಕೆ ಇರುತ್ತದೆ ಅಂತ ದೇವರಿಗೆ ಗೊತ್ತಿತ್ತು. ಗಿದ್ಯೋನ ಆಳನ್ನು ಕರೆದುಕೊಂಡೇ ಹೋದ.

ಹಾಗಾದರೆ ಬೈಬಲಿನಲ್ಲಿ ಕಾನ್ಫಿಡೆನ್ಸ್ ಇದ್ದವರೇ ಇಲ್ಲವೇ ಅನ್ನುತ್ತೀರಿ. ಇದ್ದಾರೆ. ಗೊಲ್ಯಾತನಿಗೆ ಬೇಕಾದಷ್ಟಿತ್ತು. ಪೇತ್ರನಿಗೂ ಇತ್ತು. ಉಳಿದವರೆಲ್ಲ ಬಿಟ್ಟುಹೋದರೂ ನಾನು ಹೋಗುವವನಲ್ಲ ಎಂದು ಎದೆ ತಟ್ಟಿಕೊಂಡವನು ಬೆಳಗಿನ ಕೋಳಿ ಕೂಗುವುದರೊಳಗೆ, ಬೆಂಕಿ ಕಾಯಿಸಿಕೊಳ್ಳುತ್ತ, ಮನೆಗೆಲಸದ ಹುಡುಗಿಯೊಬ್ಬಳು ಕೇಳಿದ ಮಾತಿಗೆ ಹೆದರಿ ಆ ಮನುಷ್ಯ ಯಾರೋ ನನಗೆ ಗೊತ್ತೇ ಇಲ್ಲ ಅಂದುಬಿಟ್ಟ. ಹಾಗೆ ಮೂರು ಸಲ. ಸಭೆಯ ಹೊಣೆ ಕೊನೆಗೆ ಅವನ ಹೆಗಲಿಗೇ ಬಿತ್ತು ಅನ್ನುವುದು ಬೇರೆ ವಿಷಯ. ಅಷ್ಟೊತ್ತಿಗೆ ತನ್ನ ಮೇಲಿದ್ದ ಭರವಸೆ ಅವನಿಗೆ ಪೂರ್ತಿ ಇಳಿದಿತ್ತು. ಅದೇ ಅರ್ಹತೆ ಆಗಿರಬೇಕು.

ಇದೇ ಪೇತ್ರ ದೋಣಿಯಿಂದಿಳಿದು ನೀರಿನ ಮೇಲೆ ನಡೆದ ಕಥೆ ಉಪದೇಶಿಗಳಿಗೆ ಬಲು ಇಷ್ಟ. ದೋಣಿ ಬಿಟ್ಟು ಇಳಿಯಿರಿ, ದೋಣಿ ಬಿಟ್ಟು ಇಳಿಯಿರಿ ಅಂತ ಮೇಜು ಗುದ್ದುತ್ತಾರೆ. 2024ರ ಅಕ್ಟೋಬರ್ ಮಳೆಗೆ ಎಲಹಂಕ ಕೆರೆ ತುಂಬಿ ಹರಿದು ಕೇಂದ್ರೀಯ ವಿಹಾರದ ಅಪಾರ್ಟ್‌ಮೆಂಟುಗಳಿಗೆ ನೀರು ನುಗ್ಗಿದ್ದು ನಿಮಗೆ ನೆನಪಿರಬೇಕು. 2021ರ ನವೆಂಬರಿನಲ್ಲೂ ಅದೇ ಪಾಡು. ಜನರನ್ನು ದೋಣಿಯಲ್ಲಿ ಆಚೆ ಸಾಗಿಸಬೇಕಾಯಿತು. ಆಮೇಲಿನ ಒಂದು ಭಾನುವಾರ ಹೊರಗಿನಿಂದ ಬಂದ ಬೋಧಕರು ನಮ್ಮಲ್ಲಿ ಇದೇ ದೋಣಿಯ ಪ್ರಸಂಗ ಮಾಡಿದರು. ಮುಗಿದ ಮೇಲೆ ಆ ನೀರು ಕಂಡಿದ್ದ ಹಿರಿಯರೊಬ್ಬರು ಬಾಗಿಲಲ್ಲಿ ಅವರ ಕೈ ಹಿಡಿದು ಹೇಳಿದರು: "ಬ್ರದರ್, ಪ್ರಸಂಗ ಚೆನ್ನಾಗಿತ್ತು. ಆದ್ರೆ ನಮ್ಮ ಕಡೆ ದೋಣಿ ಹತ್ತೋದಕ್ಕೇ ಬೇಕಾದಷ್ಟು ನಂಬಿಕೆ ಖರ್ಚಾಯ್ತು."

ಆ ಹಿರಿಯರ ಮಾತಿಗೆ ಶಾಸ್ತ್ರದ ಆಧಾರವೂ ಇದೆ. ಸೈತಾನ ಯೇಸುವನ್ನು ದೇವಾಲಯದ ತುದಿಗೆ ಕರೆದೊಯ್ದು, ಧುಮುಕು, ದೂತರು ಹಿಡಿದುಕೊಳ್ಳುತ್ತಾರೆ ಅಂತ ಬರೆದಿದೆಯಲ್ಲ ಎಂದು ವಚನ ಸಮೇತ ಒತ್ತಾಯ ಮಾಡಿದ. ಯೇಸು ಧುಮುಕಲಿಲ್ಲ. ನಂಬಿಕೆ ಬೇರೆ, ಪರೀಕ್ಷೆ ಮಾಡಿ ನೋಡುವುದು ಬೇರೆ. ಇದು ನಮ್ಮ ಸ್ಕೂಟರ್ ವಿಶ್ವಾಸಿಗಳಿಗೆ ಇನ್ನೂ ತಲುಪಿಲ್ಲ. ಹಿಂದೆ ನಂಬರ್ ಪ್ಲೇಟಿನ ಮೇಲೆ ಯೇಸುವೇ ನನ್ನ ರಕ್ಷಕ ಎಂಬ ಸ್ಟಿಕ್ಕರು, ಮುಂದೆ ತಲೆಯ ಮೇಲೆ ಬರೀ ಗಾಳಿ. ಮದರ್ ಡೈರಿ ಕಡೆ ಒಬ್ಬರನ್ನು ನಿಲ್ಲಿಸಿದ ಟ್ರಾಫಿಕ್ ಪೊಲೀಸಪ್ಪ ಸ್ಟಿಕ್ಕರ್ ಓದಿ, "ರಕ್ಷಕರು ಅವರೇ ಇರ್ಲಿ ಸಾರ್, ಹೆಲ್ಮೆಟ್ ಎಲ್ಲಿ?" ಅಂದನಂತೆ. ದೇವಶಾಸ್ತ್ರ ಓದದೆಯೇ ಸರಿಯಾದ ಪ್ರಶ್ನೆ ಕೇಳಿದ. ಸ್ಕೂಟರಿನದು ನಗುವ ಮಾತಾಯಿತು. ಆದರೆ ನಂಬಿಕೆಯ ಹೆಸರಿನಲ್ಲಿ ಸಕ್ಕರೆ ಕಾಯಿಲೆಯ ಮಾತ್ರೆ, ಬಿಪಿ ಮಾತ್ರೆ ಬಿಡುವವರಿದ್ದಾರಲ್ಲ, ಬಿಡಿಸುವವರೂ ಇದ್ದಾರಲ್ಲ, ಅಲ್ಲಿ ನನಗೆ ನಗು ಬರುವುದಿಲ್ಲ. ಬ್ರಿಸ್ಟಲ್ ನಗರದ ಜಾರ್ಜ್ ಮುಲ್ಲರ್ 10,000ಕ್ಕೂ ಹೆಚ್ಚು ಅನಾಥ ಮಕ್ಕಳನ್ನು ಸಾಕಿದ. ಹಣ ಕೊಡಿ ಅಂತ ಯಾರನ್ನೂ ಕೇಳೆನು, ದೇವರನ್ನೇ ಕೇಳುವೆನು ಎಂಬುದು ಅವನ ವ್ರತ. ಅಂಥವನೂ ಬಂದ ಪ್ರತಿ ಕಾಸಿಗೆ ಲೆಕ್ಕ ಬರೆದಿಟ್ಟು ವರ್ಷ ವರ್ಷ ಅಚ್ಚು ಹಾಕಿಸಿ ಹಂಚುತ್ತಿದ್ದ. ದೇವರನ್ನು ನಂಬಿದ್ದೇನೆ, ಲೆಕ್ಕ ಯಾಕೆ ಅನ್ನುವ ಖಜಾಂಚಿಗಳು ಈ ಒಂದು ವಾಕ್ಯವನ್ನು ಎರಡು ಸಲ ಓದಿಕೊಳ್ಳಬಹುದು.

ಜನವರಿ ಬಂತೆಂದರೆ ನಮಗೆ ದೂರದ ನೆಂಟರಿಂದ ಒಂದು ಫೋನು ಗ್ಯಾರಂಟಿ. "ನಿಮ್ಮೂರ ಜಾತ್ರೆಗೆ ಬರ್ತಿದೀವಿ, ಮಲಗೋಕೆ ಜಾಗ ಇರುತ್ತಾ?" ಅದು ಕಾರ್ಕಳದ ಅತ್ತೂರು ತಾಯಿ, ನಮ್ಮದು ಎಲಹಂಕದ ಅಟ್ಟೂರು, ನಡುವೆ ಇಡೀ ಪಶ್ಚಿಮ ಘಟ್ಟ ಇದೆ ಅಂತ ಪ್ರತಿ ವರ್ಷ ಹೇಳಬೇಕು. ಅಲ್ಲಿಯ ಸಂತ ಲಾರೆನ್ಸರ ಇಗರ್ಜಿ 1759ರದು. 2016ರಲ್ಲಿ ಅದಕ್ಕೆ ಬಸಿಲಿಕ ಪದವಿ ಬಂತು. ಜನವರಿ ಕೊನೆಯ ಹಬ್ಬಕ್ಕೆ ಜಾತಿ ಮತ ನೋಡದೆ ಜನ ಮೇಣದ ಬತ್ತಿ ಹಿಡಿದು ಸಾಲು ನಿಲ್ಲುತ್ತಾರೆ. ನಮ್ಮ ಅಟ್ಟೂರಿಗೆ ಆ ಭಾಗ್ಯವಿಲ್ಲದಿದ್ದರೂ ಆ ಸಂತನನ್ನು ಎರವಲು ತರಬಹುದು. ಯಾಕೆಂದರೆ ಹರಟೆಗಾರರಿಗೆ ಬೇಕಾದ ಸಂತ ಅವನೇ. ರೋಮ್ ನಗರದ ಸಭಾಸೇವಕ. 258ರಲ್ಲಿ ವಲೇರಿಯನ್ ಚಕ್ರವರ್ತಿಯ ಕಾಲದಲ್ಲಿ ಹುತಾತ್ಮನಾದ. ಸಭೆಯ ಖಜಾನೆ ತಂದೊಪ್ಪಿಸು ಅಂದಾಗ ಊರಿನ ಬಡವರನ್ನೂ ಕುಂಟರನ್ನೂ ಕುರುಡರನ್ನೂ ಮೆರವಣಿಗೆ ಮಾಡಿ ತಂದು, ಇದೇ ನಮ್ಮ ಖಜಾನೆ ಅಂದನೆಂದು ಹೇಳುತ್ತಾರೆ. ಕಬ್ಬಿಣದ ಸರಳುಗಳ ಮೇಲೆ ಮಲಗಿಸಿ ಸುಡುವಾಗ, ಈ ಕಡೆ ಬೆಂದಿದೆ ಮಗುಚಿ ಹಾಕಿ ಅಂದನೆಂದೂ ಹೇಳುತ್ತಾರೆ. ನಡೆದದ್ದೋ ಕಟ್ಟಿದ್ದೋ, ಬೆಂಕಿಯ ಮೇಲೆ ಹಾಸ್ಯ ಮಾಡಿದವನನ್ನು ಸಾವಿರದೇಳುನೂರು ವರ್ಷ ನೆನಪಿಟ್ಟುಕೊಂಡಿರುವ ಸಭೆಗೆ ನಗುವುದೂ ನಂಬಿಕೆಯ ಒಂದು ಅಂಗ ಅನ್ನುವುದು ಗೊತ್ತಿದೆ. ನಮ್ಮ ಕೆಲವು ಉಪವಾಸ ಪ್ರಾರ್ಥನೆಗಳಲ್ಲಿ ಕೂತವರ ಮುಖ ನೋಡಿದರೆ ಈ ಸುದ್ದಿ ಇಲ್ಲಿಗಿನ್ನೂ ಬಂದಿಲ್ಲ ಅನ್ನಿಸುತ್ತದೆ.

ಇಲ್ಲಿಗೆ ಬಂದಿರುವುದು ಸ್ಪೀಕರು. ಭಾನುವಾರ ಬೆಳಗ್ಗೆ ನಮ್ಮ ಬಡಾವಣೆಯಲ್ಲಿ ಒಂದು ಬೀದಿಯಲ್ಲಿ ಕನ್ನಡ, ಮುಂದಿನ ಬೀದಿಯಲ್ಲಿ ತೆಲುಗು, ಅಂಗಡಿ ಮೇಲಿನ ಮಹಡಿಯಲ್ಲಿ ತಮಿಳು. ದೇವರಿಗೆ ಕಿವಿ ಮಂದ ಅಂತ ಎಲ್ಲ ಸಭೆಗಳೂ ಒಮ್ಮತಕ್ಕೆ ಬಂದ ಹಾಗಿದೆ. ಶಬ್ದ ಹೆಚ್ಚಿದ್ದಷ್ಟೂ ನಂಬಿಕೆ ಹೆಚ್ಚು ಅನ್ನುವ ಈ ಲೆಕ್ಕ ಬಂದಾಗಲೆಲ್ಲ ನನಗೆ ಉತ್ತಂಗಿ ಚನ್ನಪ್ಪನವರು ನೆನಪಾಗುತ್ತಾರೆ. 1881ರಲ್ಲಿ ಧಾರವಾಡದಲ್ಲಿ ಹುಟ್ಟಿದವರು, ಬಾಸೆಲ್ ಮಿಶನ್ನಿನ ಬೋಧಕರು. ಬೋಧಕರ ಕೆಲಸ ಅಂದರೆ ಊರೂರು ತಿರುಗುವುದು. ತಿರುಗಿದರು. ಹೋದ ಕಡೆ ತಮ್ಮದನ್ನು ಹೇಳಿದ್ದಷ್ಟೇ ಅಲ್ಲ, ಊರವರ ಬಾಯಲ್ಲಿದ್ದ ಸರ್ವಜ್ಞನನ್ನು ಕೇಳಿಸಿಕೊಂಡರು, ಬರೆದುಕೊಂಡರು, ಹಸ್ತಪ್ರತಿ ಹುಡುಕಿದರು. ವರ್ಷಗಟ್ಟಲೆ ಹೀಗೆ ಕೂಡಿಹಾಕಿ 1924ರಲ್ಲಿ ಸರ್ವಜ್ಞನ ವಚನಗಳ ದೊಡ್ಡ ಸಂಗ್ರಹ ಹೊರತಂದರು. ಈ ಪಾದ್ರಿಯನ್ನು ಕನ್ನಡಿಗರು ತಿರುಳ್ಗನ್ನಡದ ತಿರುಕ ಎಂದು ಕರೆದರು. 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರನ್ನಾಗಿ ಮಾಡಿದರು. ತೀರಿಕೊಂಡದ್ದು 1962ರಲ್ಲಿ, ಕೊನೆಯ ತನಕ ಕ್ರಿಸ್ತಭಕ್ತರಾಗಿಯೇ. ಈಗ ನಮ್ಮ ಅಯ್ಯನವರು ಯಾರಾದರೂ, "ಈ ತಿಂಗಳು ಮನೆ ಭೇಟಿ ಇಲ್ಲ, ಸರ್ವಜ್ಞನನ್ನು ಹುಡುಕಿಕೊಂಡು ಹೋಗುತ್ತೇನೆ" ಅಂದು ನೋಡಲಿ, ಅದೇ ಸಂಜೆ ತುರ್ತು ಕಮಿಟಿ ಮೀಟಿಂಗು. ಇನ್ನೊಬ್ಬರ ಮಾತು ಕೇಳಿಸಿಕೊಂಡರೆ ಎಲ್ಲಿ ನನ್ನ ದೇವರು ಬಿದ್ದುಹೋಗುತ್ತಾನೋ ಎಂದು ಕಾವಲು ಕಾಯುವ ಗಾಬರಿ ಉತ್ತಂಗಿಯವರಿಗೆ ಇರಲಿಲ್ಲ. ದೇವರು ತಮ್ಮನ್ನು ಹಿಡಿದುಕೊಂಡಿದ್ದಾನೆ ಅನ್ನುವವರಿಗೆ ದೇವರನ್ನು ಹಿಡಿದುಕೊಂಡು ಕೂರುವ ಕೆಲಸ ತಪ್ಪುತ್ತದೆ. ಅವರಿಗೆ ಪೆನ್ನು ಹಿಡಿಯಲು ಕೈ ಖಾಲಿ ಸಿಕ್ಕಿತು.

ಅಷ್ಟು ದೊಡ್ಡವರು ಬೇಡ, ನಮ್ಮ ಮನೆ ಪ್ರಾರ್ಥನೆಗೇ ಬನ್ನಿ. ಬುಧವಾರ ಸಂಜೆ ಒಬ್ಬೊಬ್ಬರ ಮನೆಯಲ್ಲಿ. ಅಲ್ಲೊಬ್ಬ ಹಿರಿಯರಿದ್ದಾರೆ. ಅವರು ಕಣ್ಣು ಮುಚ್ಚಿ ಶುರು ಮಾಡಿದರೆ ಆದಿಕಾಂಡದ ಸೃಷ್ಟಿಯಿಂದ ಹೊರಟು, ಐಗುಪ್ತ ದಾಟಿ, ಬಾಬೆಲಿನಲ್ಲಿ ಕೊಂಚ ತಂಗಿ, ಪ್ರಕಟನೆಯ ಬಂಗಾರದ ಬೀದಿ ಮುಟ್ಟುವ ಹೊತ್ತಿಗೆ ಒಳಗೆ ಉಪ್ಪಿಟ್ಟು ಆರಿ ಗಟ್ಟಿಯಾಗಿರುತ್ತದೆ. ಮಧ್ಯೆ ಮಧ್ಯೆ ದೇವರಿಗೆ ದೇಶದ ಸುದ್ದಿಯನ್ನೂ ತಿಳಿಸುತ್ತಾರೆ. ಎಂಥ ಧೈರ್ಯ, ಎಂಥ ಗಂಟಲು! ಅದೇ ಗುಂಪಿನಲ್ಲಿ ದೊಡ್ಡಬಳ್ಳಾಪುರದ ಗಾರ್ಮೆಂಟ್ಸಿಗೆ ಹೋಗಿ ಬರುವ ಹೆಂಗಸೊಬ್ಬರಿದ್ದಾರೆ. ಗಂಡನಿಲ್ಲ, ಇಬ್ಬರು ಮಕ್ಕಳು. ಪ್ರಾರ್ಥನೆ ಮಾಡಿ ಸಿಸ್ಟರ್ ಅಂದರೆ ಸೆರಗು ಬಾಯಿಗಿಟ್ಟುಕೊಂಡು ಹಿಂದೆ ಸರಿಯುವವರು. ಒಂದು ಸಲ ಸರದಿ ತಪ್ಪಿಸಿಕೊಳ್ಳಲಾಗಲಿಲ್ಲ. ದನಿ ನಡುಗುತ್ತಿತ್ತು. "ಅಪ್ಪಾ, ನಿನಗೇ ಗೊತ್ತು. ನಾಳೆಗೂ ನೀನೇ ನೋಡ್ಕೋ. ಆಮೆನ್." ಅಷ್ಟೇ. ಉಪ್ಪಿಟ್ಟು ಬಿಸಿ ಇತ್ತು. ಮಾರನೆಯ ದಿನ ಎಂದಿನಂತೆ ಬೆಳಕು ಹರಿಯುವ ಮೊದಲೇ ಆಕೆ ಫ್ಯಾಕ್ಟರಿ ವ್ಯಾನಿಗೆ ನಿಂತಿದ್ದರು. ಪರ್ಸನಾಲಿಟಿ ಡೆವಲಪ್‌ಮೆಂಟ್ ಕೋರ್ಸಿನವರು ಇಬ್ಬರನ್ನೂ ನೋಡಿದರೆ ಹಿರಿಯರಿಗೆ ನೂರಕ್ಕೆ ನೂರು, ಈಕೆಗೆ ಸೊನ್ನೆ ಹಾಕುತ್ತಾರೆ. ನಾನು ಅಂಕ ಕೊಡುವುದಾದರೆ ಉಲ್ಟಾ.

ಇಷ್ಟೆಲ್ಲ ಗೊಂದಲಕ್ಕೆ ಮೂಲ ಎಲ್ಲಿ ಅಂದರೆ ನಮ್ಮ ಸಾಕ್ಷಿ ಹೇಳುವ ಪದ್ಧತಿಯಲ್ಲಿ. ಆರಾಧನೆಯ ನಡುವೆ, ಸಾಕ್ಷಿ ಇದ್ದವರು ಮುಂದೆ ಬನ್ನಿ ಅನ್ನುತ್ತಾರೆ. ಬರುವವರು ಯಾರು? ಸೀಟು ಸಿಕ್ಕವರು, ಸೈಟು ಸಿಕ್ಕವರು, ವೀಸಾ ಸಿಕ್ಕವರು. ಕಥೆಯ ಹದವೂ ಒಂದೇ: ಕಷ್ಟ ಬಂತು, ಡಾಕ್ಟರು ಕೈ ಬಿಟ್ಟರು ಅಥವಾ ಬ್ಯಾಂಕಿನವರು ಕೈ ಬಿಟ್ಟರು, ಪ್ರಾರ್ಥಿಸಿದೆವು, ಆಯಿತು, ಕರ್ತನಿಗೆ ಸ್ತೋತ್ರ. ಚಪ್ಪಾಳೆ. ಸುಳ್ಳು ಅಂತಲ್ಲ. ಆಗಿದ್ದರೆ ಸಂತೋಷವೇ. ಆದರೆ ಅದೇ ಹೊತ್ತಿಗೆ ವೀಸಾ ಸಿಗದ ಹುಡುಗ ಕೊನೆಯ ಬೆಂಚಿನಲ್ಲಿ ಮೊಬೈಲು ನೋಡುತ್ತ ಕೂತಿರುತ್ತಾನೆ. ಅವನ ಮನೆಯಲ್ಲೂ ಅಷ್ಟೇ ಪ್ರಾರ್ಥಿಸಿದ್ದರು. ಅವನ ತಾಯಿ ಈಗಲೂ ಭಾನುವಾರ ತಪ್ಪಿಸಿಲ್ಲ. ಅವನಿಗೆ ಕೊಡುವುದಕ್ಕೆ ನಮ್ಮ ಹತ್ತಿರ ಮೈಕು ಇಲ್ಲ. ದೇವರನ್ನು ನಂಬಿದರೆ ಗೆಲ್ಲುತ್ತೇವೆ ಅನ್ನುವುದನ್ನೇ ನಂಬಿಕೆ ಅಂದುಕೊಂಡ ಮೇಲೆ, ಸೋತವನಿಗೆ ಸೋಲಿನ ಜೊತೆ ನಂಬಿಕೆ ಸಾಲದ ಅಪವಾದವೂ ಅಂಟುತ್ತದೆ. ಒಂದಕ್ಕೆ ಎರಡು ದಂಡ.

ಬೈಬಲಿನವರು ಇಷ್ಟು ಬಿಗಿ ಇರಲಿಲ್ಲ. 150 ಕೀರ್ತನೆಗಳಲ್ಲಿ ಮೂರರಲ್ಲೊಂದು ಪಾಲಾದರೂ ದೂರು, ಗೋಳು, ಎಲ್ಲಿದ್ದೀಯಪ್ಪ ಅನ್ನುವ ಜಗಳ. 88ನೆಯದಂತೂ ಕತ್ತಲೆಯ ಮಾತಿನಲ್ಲೇ ಮುಗಿದುಹೋಗುತ್ತದೆ, ಕೊನೆಗೊಂದು ಸಮಾಧಾನದ ಸಾಲೂ ಇಲ್ಲ. ನಮ್ಮಲ್ಲಿ ಯಾರಾದರೂ ಸಾಕ್ಷಿಯನ್ನು ಹಾಗೆ ಮುಗಿಸಿದರೆ ವಾದ್ಯದವರಿಗೆ ಸನ್ನೆ ಹೋಗಿ ಕೀಬೋರ್ಡು ಶುರುವಾಗುತ್ತದೆ. ಎಲೀಯನ ಕಥೆ ನೋಡಿ. ಕರ್ಮೆಲ್ ಬೆಟ್ಟದ ಮೇಲೆ ಆಕಾಶದಿಂದ ಬೆಂಕಿ ಇಳಿಸಿದ ಪ್ರವಾದಿ. ಅದರ ಬೆನ್ನಿಗೇ ಈಜೆಬೆಲ್ ರಾಣಿಯ ಒಂದು ಬೆದರಿಕೆಗೆ ಕಂಗಾಲಾಗಿ ಓಡಿದ. ಕಾಡಿನಲ್ಲಿ ಒಂದು ಗಿಡದ ಕೆಳಗೆ ಬಿದ್ದುಕೊಂಡು, ಸಾಕಪ್ಪ, ನನ್ನ ಪ್ರಾಣ ತೆಗೆದುಕೋ ಅಂದ. ದೇವರು ಬೈಯಲಿಲ್ಲ, ನಂಬಿಕೆಯ ವಿಷಯವಾಗಿ ಮೂರು ಅಂಶಗಳ ಪ್ರಸಂಗ ಮಾಡಲಿಲ್ಲ. ದೂತನ ಕೈಲಿ ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು ಕಳಿಸಿದ. ತಿಂದ, ಮತ್ತೆ ಮಲಗಿದ. ಎಬ್ಬಿಸಿ ಮತ್ತೆ ತಿನ್ನಿಸಿದ. ಉಪದೇಶವೆಲ್ಲ ನಲವತ್ತು ದಿನದ ಮೇಲೆ, ಬೇರೆ ಬೆಟ್ಟದಲ್ಲಿ. ಇದು ನಮ್ಮ ಅಯ್ಯನವರ ಮನೆಯ ಅಮ್ಮನವರಿಗೆ ಚೆನ್ನಾಗಿ ಗೊತ್ತಿದೆ. ಅಳುತ್ತ ಬಂದವರನ್ನು ಅವರು ಮೊದಲು ಅಡುಗೆಮನೆಗೆ ಕರೆದು ತಟ್ಟೆ ಇಡುತ್ತಾರೆ, ಅಯ್ಯನವರಿಗೆ ಆಮೇಲೆ ಹೇಳಿ ಕಳಿಸುತ್ತಾರೆ.

ಆದ್ದರಿಂದ ಅಟ್ಟೂರಿನ ಸಕಲ ಸಭೆಗಳ ಸಹೋದರ ಸಹೋದರಿಯರಲ್ಲಿ ನನ್ನದೊಂದು ವಿನಂತಿ. ಬರುವ ಭಾನುವಾರ ಸಾಕ್ಷಿಗೆ ಕರೆದಾಗ, ವೀಸಾ ಸಿಕ್ಕವರು ದಯವಿಟ್ಟು ಕೂತಿರಿ. ನಿಮ್ಮದನ್ನು ಆಗಲೇ ಸ್ಟೇಟಸ್ಸಿನಲ್ಲಿ ನೋಡಿದ್ದೇವೆ. ಸಿಗದವರು, ಸಿಗದಿದ್ದರೂ ಇನ್ನೂ ಬರುತ್ತಿರುವವರು, ಎದ್ದು ಮುಂದೆ ಬನ್ನಿ. ಕಾಲು ನಡುಗಿದರೆ ನಡುಗಲಿ, ಕಂಬ ಹಿಡಿದುಕೊಳ್ಳಿ. ಮೂರು ನಿಮಿಷದೊಳಗೆ ಮುಗಿಸಿ, ಊಟಕ್ಕೆ ಹೊತ್ತಾಗುತ್ತದೆ.